ಕ್ಯೂಸೆಕ್ ಲೆಕ್ಕ ಎಲ್ಲಿಂದ ಬರುತ್ತದೆ? ನದಿಯ ಮಟ್ಟ ಮತ್ತು ಹರಿವನ್ನು ಅಳೆಯುವ ಬಗೆ

ಮಳೆಗಾಲ ಆರಂಭವಾಯಿತೆಂದರೆ ರಾಜ್ಯದ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ದಿನವೂ ಕಾಣಿಸಿಕೊಳ್ಳುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ನಾಲ್ಕು ಕಾಲಂಗಳ ಈ ಪಟ್ಟಿಯನ್ನು ರೈತರು ಬೆಳೆಯ ಚಿಂತೆಯಿಂದ, ನಗರವಾಸಿಗಳು ಕುಡಿಯುವ ನೀರಿನ ಚಿಂತೆಯಿಂದ ನೋಡುತ್ತಾರೆ. ನದಿ ಪಾತ್ರದ ಜನರಿಗೆ ಎಚ್ಚರಿಕೆ ನೀಡುವಾಗಲೂ, ನೆರೆ ರಾಜ್ಯಕ್ಕೆ ನೀರು ಬಿಡುವ ಆದೇಶ ಹೊರಬಿದ್ದಾಗಲೂ ಮಾತು ನಡೆಯುವುದು ಕ್ಯೂಸೆಕ್ ಮತ್ತು ಟಿಎಂಸಿಗಳಲ್ಲಿಯೇ. ಆದರೆ ಹರಿಯುತ್ತಿರುವ ನದಿಯನ್ನು ಕೊಡದಲ್ಲಿ ತುಂಬಿ ಎಣಿಸಲು ಸಾಧ್ಯವಿಲ್ಲ. ಹಾಗಿದ್ದರೆ ಈ ಅಂಕಿಗಳು ಬರುವುದಾದರೂ ಎಲ್ಲಿಂದ?

ಉತ್ತರ ಸರಳವಾಗಿದೆ. ನದಿಯ ಮಟ್ಟವನ್ನು ಕಣ್ಣಾರೆ ಕಂಡು ಅಳೆಯಬಹುದು. ಹರಿವನ್ನು ಮಾತ್ರ ಲೆಕ್ಕ ಹಾಕಿಯೇ ತಿಳಿಯಬೇಕು. ಆ ಲೆಕ್ಕ ಸರಿಯಾಗಿ ಉಳಿಯಬೇಕಾದರೆ ಸಿಬ್ಬಂದಿ ಮತ್ತೆ ಮತ್ತೆ ನದಿಗಿಳಿದು ಅದನ್ನು ಪರೀಕ್ಷಿಸುತ್ತಿರಬೇಕು. ಪ್ರವಾಹದ ಮುನ್ಸೂಚನೆಯಿಂದ ಹಿಡಿದು ಅಂತರರಾಜ್ಯ ನದಿ ವಿವಾದದವರೆಗೆ ಎಲ್ಲವೂ ನಿಂತಿರುವುದು ಈ ಕೆಲಸದ ಮೇಲೆ.

ಒಂದು ಬೆಟ್ಟ, ಎರಡು ದಾರಿ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯು ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿ, ಬಾಬಾಬುಡನ್ ಗಿರಿಶ್ರೇಣಿಯ ಬುಡದಲ್ಲಿರುವ ಹೋಬಳಿ ಕೇಂದ್ರ. ಇಲ್ಲಿಂದ ಕಾಣುವ ಗಿರಿಶ್ರೇಣಿಯು ಮಳೆನೀರನ್ನು ಎರಡು ಕಡೆಗೆ ಹಂಚುತ್ತದೆ. ಪಶ್ಚಿಮದ ಇಳಿಜಾರಿನ ನೀರು ಭದ್ರಾ ನದಿಗೆ ಸೇರುತ್ತದೆ. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿಸಿ, ಕಡೂರಿನ ಬಳಿ ಒಂದಾಗಿ ವೇದಾವತಿ ಎನಿಸಿಕೊಳ್ಳುತ್ತವೆ.

ಭದ್ರೆಯ ನೀರು ತರೀಕೆರೆ ತಾಲ್ಲೂಕಿನದೇ ಆದ ಲಕ್ಕವಳ್ಳಿಯ ಬಳಿ 186 ಅಡಿ ಗರಿಷ್ಠ ಮಟ್ಟದ, 71.5 ಟಿಎಂಸಿ ಸಾಮರ್ಥ್ಯದ ಭದ್ರಾ ಜಲಾಶಯದಲ್ಲಿ ನಿಂತು, ಅಲ್ಲಿಂದ ಹೊರಟು ಕೂಡ್ಲಿಯಲ್ಲಿ ತುಂಗೆಯೊಂದಿಗೆ ಬೆರೆಯುತ್ತದೆ. ವೇದಾವತಿಯು ಚಿತ್ರದುರ್ಗ ಜಿಲ್ಲೆಯ ವಾಣಿ ವಿಲಾಸ ಸಾಗರವನ್ನು ದಾಟಿ, ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಭಾಗದಲ್ಲಿ ಹರಿದು ತುಂಗಭದ್ರೆಯನ್ನೇ ಸೇರುತ್ತದೆ. ಒಂದೇ ಬೆಟ್ಟದಲ್ಲಿ ಬೇರ್ಪಟ್ಟ ನೀರು ನೂರಾರು ಕಿಲೋಮೀಟರ್ ಸುತ್ತಿ ಮತ್ತೆ ಒಂದಾಗುತ್ತದೆ. ಈ ಎರಡು ದಾರಿಗಳ ಮೇಲೂ ಕೇಂದ್ರ ಜಲ ಆಯೋಗವು ಮಾಪನ ಕೇಂದ್ರಗಳನ್ನು ಹೊಂದಿದೆ. ಭದ್ರೆಯ ಮೇಲೆ ಹೊಳೆಹೊನ್ನೂರು, ಸಂಗಮದ ನಂತರ ತುಂಗಭದ್ರೆಯ ಮೇಲೆ ಹೊನ್ನಾಳಿ, ಹಗರಿಯ ಮೇಲೆ ಟಿ. ರಾಮಾಪುರ ಇವುಗಳಲ್ಲಿ ಕೆಲವು. ರಾಜ್ಯದ ಜಲಸಂಪನ್ಮೂಲ ಇಲಾಖೆಯೂ ತನ್ನದೇ ಮಾಪನ ವ್ಯವಸ್ಥೆಯನ್ನು ಇಟ್ಟುಕೊಂಡಿದೆ.

ಮೊದಲ ಹೆಜ್ಜೆ: ಮಟ್ಟ

ಮಾಪನ ಕೇಂದ್ರದ ಅತ್ಯಂತ ಹಳೆಯ ಹಾಗೂ ಇಂದಿಗೂ ಬಳಕೆಯಲ್ಲಿರುವ ಸಾಧನವೆಂದರೆ ಅಳತೆ ಪಟ್ಟಿ. ಸೇತುವೆಯ ಕಂಬಕ್ಕೋ ದಡದಲ್ಲಿ ಹೂಳಿದ ಕಂಬಗಳಿಗೋ ಮೀಟರ್ ಮತ್ತು ಸೆಂಟಿಮೀಟರ್ ಗುರುತುಗಳಿರುವ ಪಟ್ಟಿಯನ್ನು ಜೋಡಿಸಲಾಗಿರುತ್ತದೆ. ನೀರು ಯಾವ ಗುರುತನ್ನು ಮುಟ್ಟಿದೆ ಎಂಬುದನ್ನು ಸಿಬ್ಬಂದಿ ನಿಗದಿತ ವೇಳೆಯಲ್ಲಿ ಓದಿ ಬರೆದುಕೊಳ್ಳುತ್ತಾರೆ. ಪ್ರವಾಹದ ದಿನಗಳಲ್ಲಿ ಗಂಟೆಗೊಮ್ಮೆ ಓದಬೇಕಾಗುತ್ತದೆ. ಪಟ್ಟಿಯ ಸೊನ್ನೆಯ ಗುರುತು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೊದಲೇ ಸರ್ವೆ ಮಾಡಿ ನಿಗದಿಪಡಿಸಿರುವುದರಿಂದ ಒಂದು ಊರಿನ ಮಟ್ಟವನ್ನು ಇನ್ನೊಂದು ಊರಿನ ಮಟ್ಟದೊಂದಿಗೆ ಹೋಲಿಸಲು ಸಾಧ್ಯವಾಗುತ್ತದೆ.

ಅಲೆಗಳಿಂದ ಓದು ತಪ್ಪಬಾರದೆಂದು ಕೆಲವೆಡೆ ದಡದಲ್ಲಿ ಬಾವಿಯೊಂದನ್ನು ಕಟ್ಟಿ, ಕೊಳವೆಯ ಮೂಲಕ ನದಿಗೆ ಜೋಡಿಸಲಾಗುತ್ತದೆ. ನದಿ ಏರಿದಂತೆ ಬಾವಿಯ ನೀರೂ ಏರುತ್ತದೆ, ಆದರೆ ಅಲ್ಲಿ ಅಲೆಯಿರುವುದಿಲ್ಲ. ಈ ಉಪಾಯ ಹೊಸದೇನಲ್ಲ. ಈಜಿಪ್ಟಿನ ಕೈರೋ ನಗರದ ರೋಡಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ಕಟ್ಟಿದ ನೈಲ್ ಮಾಪಕವು ಇದೇ ತತ್ವದ್ದು. ನದಿಗೆ ಸುರಂಗದ ಮೂಲಕ ಜೋಡಿಸಿದ ಬಾವಿಯ ನಡುವೆ ನಿಂತಿರುವ ಅಮೃತಶಿಲೆಯ ಕಂಬದ ಗುರುತು ನೋಡಿ ಆ ವರ್ಷದ ಬೆಳೆಯನ್ನೂ ಕಂದಾಯವನ್ನೂ ಅಂದಾಜು ಮಾಡಲಾಗುತ್ತಿತ್ತು.

ಇಂದು ಸೇತುವೆಯ ಕೆಳಗೆ ಅಳವಡಿಸಿದ ರೇಡಾರ್ ಸಾಧನವು ನೀರನ್ನು ಮುಟ್ಟದೆಯೇ ಮಟ್ಟವನ್ನು ಅಳೆದು ಉಪಗ್ರಹ ಅಥವಾ ಮೊಬೈಲ್ ಜಾಲದ ಮೂಲಕ ನಿಯಂತ್ರಣ ಕೊಠಡಿಗೆ ಕಳುಹಿಸಬಲ್ಲದು. ಆದರೂ ಹಳೆಯ ಪಟ್ಟಿಯನ್ನು ಕಿತ್ತು ಹಾಕುವುದಿಲ್ಲ. ಯಂತ್ರ ಹೇಳುವುದು ನಿಜವೇ ಎಂದು ಪರೀಕ್ಷಿಸಲು ಅದೇ ಆಧಾರ.

ಎರಡನೆಯ ಹೆಜ್ಜೆ: ಹರಿವು

ಮಟ್ಟ ತಿಳಿದ ಮಾತ್ರಕ್ಕೆ ಎಷ್ಟು ನೀರು ಹರಿಯುತ್ತಿದೆ ಎಂಬುದು ತಿಳಿಯುವುದಿಲ್ಲ. ನಿಂತ ಕೆರೆಯಲ್ಲೂ ಎರಡು ಮೀಟರ್ ಆಳವಿರಬಹುದು, ರಭಸದ ಹೊಳೆಯಲ್ಲೂ ಅಷ್ಟೇ ಆಳವಿರಬಹುದು. ಹರಿವನ್ನು ತಿಳಿಯಲು ನೀರಿನ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ವೇಗ ಎರಡೂ ಬೇಕು.

ಇದಕ್ಕಾಗಿ ನದಿಯ ಅಗಲವನ್ನು ಹಲವು ಭಾಗಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಭಾಗದಲ್ಲಿ ದೋಣಿಯಿಂದಲೋ ಸೇತುವೆಯ ಮೇಲಿನಿಂದಲೋ ಆಳವನ್ನು ಅಳೆದು, ಕರೆಂಟ್ ಮೀಟರ್ ಎಂಬ ಸಾಧನವನ್ನು ನೀರಿಗಿಳಿಸಿ ವೇಗವನ್ನು ಕಂಡುಕೊಳ್ಳಲಾಗುತ್ತದೆ. ನೀರು ತಳ್ಳಿದಷ್ಟೂ ಇದರ ಚಕ್ರ ತಿರುಗುತ್ತದೆ. ನಿಗದಿತ ಸಮಯದಲ್ಲಿ ಎಷ್ಟು ಸುತ್ತು ತಿರುಗಿತು ಎಂಬುದರಿಂದ ವೇಗ ತಿಳಿಯುತ್ತದೆ. ಮೇಲಿನ ನೀರು ವೇಗವಾಗಿ, ತಳದ ನೀರು ನಿಧಾನವಾಗಿ ಹರಿಯುವುದರಿಂದ ಆಳ ಕಡಿಮೆಯಿದ್ದಲ್ಲಿ ಮೇಲಿನಿಂದ ಹತ್ತರಲ್ಲಿ ಆರು ಭಾಗ ಕೆಳಗೆ ಒಂದು ಅಳತೆ, ಹೆಚ್ಚು ಆಳವಿದ್ದಲ್ಲಿ ಹತ್ತರಲ್ಲಿ ಎರಡು ಮತ್ತು ಎಂಟು ಭಾಗಗಳಲ್ಲಿ ಎರಡು ಅಳತೆ ತೆಗೆದು ಸರಾಸರಿ ಹಿಡಿಯುವುದು ವಾಡಿಕೆ.

ಉದಾಹರಣೆಗೆ, 60 ಮೀಟರ್ ಅಗಲದ ನದಿಯನ್ನು ತಲಾ 3 ಮೀಟರಿನ 20 ಭಾಗಗಳಾಗಿ ಮಾಡಿಕೊಳ್ಳಲಾಗಿದೆ ಎನ್ನೋಣ. ಅವುಗಳಲ್ಲಿ ಒಂದು ಭಾಗದ ಆಳ 2 ಮೀಟರ್, ಸರಾಸರಿ ವೇಗ ಸೆಕೆಂಡಿಗೆ 0.8 ಮೀಟರ್ ಆಗಿದ್ದರೆ ಆ ಭಾಗದಲ್ಲಿ ಸೆಕೆಂಡಿಗೆ 4.8 ಘನ ಮೀಟರ್, ಅಂದರೆ ಸುಮಾರು 170 ಕ್ಯೂಸೆಕ್ ನೀರು ಹರಿಯುತ್ತಿದೆ ಎಂದಾಯಿತು. ಹೀಗೆ ಇಪ್ಪತ್ತೂ ಭಾಗಗಳ ಮೊತ್ತವೇ ಆ ಹೊತ್ತಿನ ನದಿಯ ಹರಿವು. ಶಬ್ದತರಂಗಗಳ ಸಹಾಯದಿಂದ ಆಳ ಮತ್ತು ವೇಗವನ್ನು ಒಟ್ಟಿಗೇ ಅಳೆಯುವ ಹೊಸ ಸಾಧನಗಳು ಈ ಕೆಲಸವನ್ನು ಬೇಗ ಮುಗಿಸುತ್ತವೆ. ಲೆಕ್ಕದ ತತ್ವ ಮಾತ್ರ ಅದೇ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಕ್ಯೂಸೆಕ್ ಹರಿವಿನ ರಭಸವನ್ನೂ ಟಿಎಂಸಿ ನೀರಿನ ಒಟ್ಟು ಪ್ರಮಾಣವನ್ನೂ ಹೇಳುತ್ತದೆ. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಪತ್ರಿಕೆಯ ಪಟ್ಟಿಯನ್ನು ಯಾರೂ ತಾವೇ ಪರೀಕ್ಷಿಸಿಕೊಳ್ಳಬಹುದು.

ಮೂರನೆಯ ಹೆಜ್ಜೆ: ಮಟ್ಟದಿಂದ ಹರಿವಿಗೆ

ಇಂತಹ ಅಳತೆಯನ್ನು ಗಂಟೆಗೊಮ್ಮೆ ಮಾಡಲಾಗದು. ಆದ್ದರಿಂದ ನದಿ ತಗ್ಗಿದಾಗ, ಸಾಧಾರಣವಾಗಿದ್ದಾಗ, ಉಕ್ಕಿದಾಗ ಹೀಗೆ ಬೇರೆ ಬೇರೆ ಸ್ಥಿತಿಗಳಲ್ಲಿ ಹರಿವನ್ನು ಅಳೆದು, ಪ್ರತಿ ಅಳತೆಯನ್ನೂ ಆ ಹೊತ್ತಿನ ಮಟ್ಟದ ಎದುರು ನಕ್ಷೆಯಲ್ಲಿ ಗುರುತಿಸಲಾಗುತ್ತದೆ. ಆ ಚುಕ್ಕೆಗಳ ನಡುವೆ ಎಳೆದ ಗೆರೆಯೇ ರೇಟಿಂಗ್ ಕರ್ವ್. ಅನಂತರ ಮಟ್ಟ ಓದಿದರೆ ಸಾಕು, ಈ ಗೆರೆಯನ್ನು ನೋಡಿ ಹರಿವನ್ನು ಹೇಳಬಹುದು. ನದಿ ಮಾಪನ ಕೇಂದ್ರದಿಂದ ಹೊರಬರುವ ಕ್ಯೂಸೆಕ್ ಅಂಕಿಗಳಲ್ಲಿ ಹೆಚ್ಚಿನವು ನೇರವಾಗಿ ಅಳೆದವಲ್ಲ, ಈ ಗೆರೆಯಿಂದ ಪಡೆದವು.

ಈ ಗೆರೆ ನೇರವಾಗಿರುವುದಿಲ್ಲ ಎಂಬುದು ಮುಖ್ಯ. ನೀರು ಏರಿದಂತೆ ನದಿ ಅಗಲವೂ ಆಗುತ್ತದೆ, ವೇಗವೂ ಹೆಚ್ಚುತ್ತದೆ. ಹೀಗಾಗಿ ನೀರಿನ ಆಳ ಇಮ್ಮಡಿಯಾದಾಗ ಹರಿವು ಮೂರು ನಾಲ್ಕು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚಾಗುವುದುಂಟು. ‘ನಿನ್ನೆಗಿಂತ ಒಂದೇ ಅಡಿ ಹೆಚ್ಚಾಗಿದೆ’ ಎಂಬ ಸಮಾಧಾನ ತುಂಬಿದ ನದಿಯ ದಡದಲ್ಲಿ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ಗೆರೆ ಶಾಶ್ವತವೂ ಅಲ್ಲ. ಮರಳು ತೆಗೆದು ನದಿಯ ತಳ ಕುಸಿದರೆ, ಪಟ್ಟಿಯ ಮೇಲೆ ಅದೇ ಮಟ್ಟ ಕಂಡರೂ ಹರಿಯುವ ನೀರು ಹೆಚ್ಚಾಗಿರುತ್ತದೆ. ಹೂಳು ತುಂಬಿದರೆ ಅಥವಾ ಜೊಂಡು ಬೆಳೆದರೆ ಇದಕ್ಕೆ ವ್ಯತಿರಿಕ್ತ. ಕೆಳಗಿನ ಸಂಗಮದಲ್ಲಿ ದೊಡ್ಡ ನದಿ ಉಕ್ಕಿದಾಗ ಹಿನ್ನೀರು ಒತ್ತಿ ಬಂದು, ಹರಿವು ಹೆಚ್ಚದೆಯೂ ಮಟ್ಟ ಏರಬಹುದು. ಪ್ರವಾಹ ಏರುವಾಗ ಮತ್ತು ಇಳಿಯುವಾಗ ಒಂದೇ ಮಟ್ಟದಲ್ಲಿ ಹರಿವು ಬೇರೆಯಾಗಿರುತ್ತದೆ. ಏರುವಾಗ ಹೆಚ್ಚು, ಇಳಿಯುವಾಗ ಕಡಿಮೆ. ಇನ್ನು ಮಹಾಪ್ರವಾಹದ ವೇಳೆ ನದಿಗೆ ಸಾಧನ ಇಳಿಸುವುದೇ ಅಸಾಧ್ಯವಾಗಬಹುದು. ಆಗ ಗೆರೆಯನ್ನು ಅಂದಾಜಿನಿಂದ ಮೇಲಕ್ಕೆ ಎಳೆಯಬೇಕಾಗುತ್ತದೆ, ಇಲ್ಲವೇ ನೆರೆ ಇಳಿದ ಮೇಲೆ ಗೋಡೆ, ಮರಗಳ ಮೇಲೆ ಉಳಿದ ನೀರಿನ ಗುರುತುಗಳಿಂದ ಲೆಕ್ಕ ಹಾಕಬೇಕಾಗುತ್ತದೆ. ಹೀಗಾಗಿ ರೇಡಾರ್ ಅಳವಡಿಸಿದ ಕೇಂದ್ರಕ್ಕೂ ಸಿಬ್ಬಂದಿ ಹೋಗಿ ಹರಿವನ್ನು ಅಳೆಯುತ್ತಿರಲೇಬೇಕು. ಹಳೆಯ ಗೆರೆಯ ಮೇಲೆ ಓಡುವ ಹೊಸ ಯಂತ್ರವು ತಪ್ಪು ಅಂಕಿಯನ್ನು ಬೇಗ ತಲುಪಿಸುತ್ತದೆ, ಅಷ್ಟೆ.

ಜಲಾಶಯದ ಒಳಹರಿವಿನ ಕಥೆ ಬೇರೆ

ಪತ್ರಿಕೆಗಳಲ್ಲಿ ಕಾಣುವ ಜಲಾಶಯದ ಒಳಹರಿವು ಸಾಮಾನ್ಯವಾಗಿ ನದಿಯಲ್ಲಿ ಅಳೆದದ್ದಲ್ಲ. ಜಲಾಶಯಕ್ಕೆ ಅನೇಕ ಹಳ್ಳ ಹೊಳೆಗಳು ಸೇರುವುದರಿಂದ ಎಲ್ಲವನ್ನೂ ಪ್ರತ್ಯೇಕವಾಗಿ ಅಳೆಯುವುದು ಕಷ್ಟ. ಬದಲಿಗೆ ಮನೆಯ ಜಮಾ-ಖರ್ಚಿನ ಲೆಕ್ಕವನ್ನೇ ಅನುಸರಿಸಲಾಗುತ್ತದೆ. ನಿನ್ನೆಯಿಂದ ಇಂದಿಗೆ ಸಂಗ್ರಹ ಎಷ್ಟು ಹೆಚ್ಚಿತು, ನಾಲೆಗಳಿಗೆ ಮತ್ತು ನದಿಗೆ ಎಷ್ಟು ಬಿಡಲಾಯಿತು, ಆವಿಯಾಗಿ ಎಷ್ಟು ಹೋಯಿತು ಎಂಬುದನ್ನು ಕೂಡಿದರೆ ಬಂದ ನೀರು ಎಷ್ಟೆಂದು ತಿಳಿಯುತ್ತದೆ.

ಈ ಲೆಕ್ಕದಲ್ಲಿ ಮಟ್ಟದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. 100 ಚದರ ಕಿಲೋಮೀಟರ್ ಹರಡಿದ ಜಲಾಶಯದಲ್ಲಿ ಗಾಳಿಯಿಂದಾಗಿ ಮಟ್ಟವನ್ನು ಒಂದು ಸೆಂಟಿಮೀಟರ್ ತಪ್ಪಾಗಿ ಓದಿದರೆ 10 ಲಕ್ಷ ಘನ ಮೀಟರ್ ನೀರಿನ ವ್ಯತ್ಯಾಸ ಬರುತ್ತದೆ. ದಿನದ ಸರಾಸರಿಯಲ್ಲಿ ಇದು ಸುಮಾರು 400 ಕ್ಯೂಸೆಕ್. ಗಂಟೆಯ ಲೆಕ್ಕದಲ್ಲಿ ಸುಮಾರು 9,800 ಕ್ಯೂಸೆಕ್. ಒಂದು ಗಂಟೆಯಲ್ಲಿ ಒಳಹರಿವು ದಿಢೀರನೆ ಜಿಗಿಯಿತು ಎಂಬ ಸುದ್ದಿಯನ್ನು ತುಸು ತಾಳ್ಮೆಯಿಂದ ಓದಬೇಕಾದದ್ದು ಇದಕ್ಕಾಗಿಯೇ. ಜಲಾಶಯದ ಮೇಲ್ಭಾಗದ ನದಿಗಳಲ್ಲಿ ಮಾಪನ ಕೇಂದ್ರವಿದ್ದರೆ ಬರುವ ನೀರು ಬರುವ ಮೊದಲೇ ತಿಳಿಯುತ್ತದೆ. ಇಲ್ಲದಿದ್ದರೆ ಬಂದ ಮೇಲಷ್ಟೇ ತಿಳಿಯುತ್ತದೆ. ಗೇಟುಗಳನ್ನು ಯಾವಾಗ, ಎಷ್ಟು ಎತ್ತಬೇಕೆಂದು ನಿರ್ಧರಿಸುವ ಎಂಜಿನಿಯರುಗಳಿಗೆ ಈ ಕೆಲವು ಗಂಟೆಗಳ ಅಂತರ ಬಹಳ ದೊಡ್ಡದು.

ಬಿಳಿಗುಂಡ್ಲು: ಎರಡು ರಾಜ್ಯಗಳ ತಕ್ಕಡಿ

ಮಾಪನ ಕೇಂದ್ರವೊಂದರ ಮಹತ್ವವನ್ನು ಕನ್ನಡಿಗರಿಗೆ ಅರ್ಥ ಮಾಡಿಸಲು ಬಿಳಿಗುಂಡ್ಲುವಿಗಿಂತ ಉತ್ತಮ ಉದಾಹರಣೆ ಸಿಗದು. ಕರ್ನಾಟಕ-ತಮಿಳುನಾಡು ಗಡಿಯಲ್ಲಿರುವ ಕೇಂದ್ರ ಜಲ ಆಯೋಗದ ಈ ಕೇಂದ್ರದಲ್ಲಿ ಅಳೆದ ಕಾವೇರಿಯ ಹರಿವೇ ಕರ್ನಾಟಕ ನೀಡಿದ ನೀರಿನ ಅಧಿಕೃತ ಲೆಕ್ಕ. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶವು ಮೆಟ್ಟೂರಿನಲ್ಲಿ ವರ್ಷಕ್ಕೆ 205 ಟಿಎಂಸಿ ನೀರು ದೊರೆಯಬೇಕೆಂದಿತ್ತು. 2007ರ ಅಂತಿಮ ತೀರ್ಪು ಅಳತೆಯ ಸ್ಥಳವನ್ನು ಬಿಳಿಗುಂಡ್ಲುವಿಗೆ ತಂದು ಪ್ರಮಾಣವನ್ನು 192 ಟಿಎಂಸಿ ಎಂದಿತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಅದನ್ನು 177.25 ಟಿಎಂಸಿಗೆ ಇಳಿಸಿತು.

ಈ ಮೊತ್ತವನ್ನು ತಿಂಗಳುವಾರು ಹಂಚಲಾಗಿದೆ. ಜುಲೈ ತಿಂಗಳ ಪಾಲು 31.24 ಟಿಎಂಸಿ. ಅಂದರೆ ತಿಂಗಳಿಡೀ ದಿನವೂ ಸರಾಸರಿ 11,660 ಕ್ಯೂಸೆಕ್‌ನಷ್ಟು ನೀರು ಈ ಪಟ್ಟಿಯನ್ನು ದಾಟಬೇಕು. ಫೆಬ್ರುವರಿಯ ಪಾಲು 2.5 ಟಿಎಂಸಿ, ಅಂದರೆ ದಿನಕ್ಕೆ ಸರಾಸರಿ ಸಾವಿರ ಕ್ಯೂಸೆಕ್‌ಗಿಂತ ತುಸು ಹೆಚ್ಚು. ಒಳ್ಳೆಯ ಸ್ಥಿತಿಯಲ್ಲಿ ಮಾಡಿದ ಅಳತೆಯಲ್ಲೂ ಶೇಕಡಾ ಐದರಷ್ಟು ಹೆಚ್ಚುಕಡಿಮೆ ಸಹಜ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದರೆ ವರ್ಷದ ಮೊತ್ತದಲ್ಲಿ ಅದು ಸರಿಹೋಗುತ್ತದೆ. ಆದರೆ ಗೆರೆಯೇ ಹಳತಾಗಿ ತಪ್ಪು ಸದಾ ಒಂದೇ ಕಡೆ ವಾಲಿದರೆ 177.25 ಟಿಎಂಸಿಯ ಶೇಕಡಾ ಐದು, ಅಂದರೆ ಸುಮಾರು 8.9 ಟಿಎಂಸಿ ನೀರಿನ ಲೆಕ್ಕ ತಪ್ಪುತ್ತದೆ. 2023ರ ಆಗಸ್ಟ್ ಕೊನೆಯಲ್ಲಿ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ನೀರು ಬಿಡಬೇಕೆಂಬ ಸೂಚನೆ ಬಂದು, ಸೆಪ್ಟೆಂಬರ್ ವೇಳೆಗೆ ಬೆಂಗಳೂರು ಬಂದ್ ಮತ್ತು ಕರ್ನಾಟಕ ಬಂದ್ ನಡೆದದ್ದು ಓದುಗರಿಗೆ ನೆನಪಿರಬಹುದು. ಹದಿನೈದು ದಿನಗಳ ಆ ನೀರಿನ ಒಟ್ಟು ಪ್ರಮಾಣ ಸುಮಾರು 6.5 ಟಿಎಂಸಿ ಮಾತ್ರ.

ಇನ್ನೊಂದು ಸಂಗತಿಯೂ ಇದೆ. ಕೆಆರ್‌ಎಸ್‌ನಿಂದ ಬಿಟ್ಟ ನೀರು ಬಿಳಿಗುಂಡ್ಲು ತಲುಪಲು ದಿನಗಳು ಬೇಕು. ನಡುವೆ ಕಬಿನಿ, ಶಿಂಷಾ, ಅರ್ಕಾವತಿಗಳು ಸೇರುತ್ತವೆ. ನಾಲೆ, ಪಂಪುಗಳ ಮೂಲಕ ನೀರು ಹೊರಹೋಗುತ್ತದೆ. ಅಣೆಕಟ್ಟೆಯ ಹೊರಹರಿವಿಗೂ ಗಡಿಯ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಅರ್ಥವಲ್ಲ.

ಭದ್ರೆಯಿಂದ ವೇದಾವತಿಗೆ

ಕಾವೇರಿಯ ಪಾಠ ಲಿಂಗದಹಳ್ಳಿಯ ಸುತ್ತಲಿನ ಸೀಮೆಗೂ ಅನ್ವಯಿಸುತ್ತದೆ. ಬೆಟ್ಟ ಬೇರ್ಪಡಿಸಿದ ಎರಡು ನದಿಗಳನ್ನು ಭದ್ರಾ ಮೇಲ್ದಂಡೆ ಯೋಜನೆ ಜೋಡಿಸುತ್ತಿದೆ. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ ಒಟ್ಟು 29.90 ಟಿಎಂಸಿಯನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಪೂರ್ವದ ಬಯಲುಸೀಮೆಗೆ ಒಯ್ಯುವುದು ಇದರ ಗುರಿ. ಭದ್ರಾ ಬಲದಂಡೆ ನಾಲೆಯಿಂದ ತರೀಕೆರೆ, ಕಡೂರು, ಹೊಸದುರ್ಗ ಭಾಗಗಳಿಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯನ್ನು 2025ರ ಜೂನ್‌ನಲ್ಲಿ ದಾವಣಗೆರೆ ಭಾಗದ ಅಚ್ಚುಕಟ್ಟು ರೈತರು ತೀವ್ರವಾಗಿ ವಿರೋಧಿಸಿದರು. ಒಂದೇ ರಾಜ್ಯದೊಳಗಿನ ಇಂತಹ ವಿವಾದದಲ್ಲೂ ಎರಡೂ ಕಡೆಯವರು ಒಪ್ಪುವ ಅಳತೆಯೊಂದು ಇದ್ದರೆ ಮಾತುಕತೆಗೆ ನೆಲೆ ಸಿಗುತ್ತದೆ.

ವಾಣಿ ವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಹರಿಯಿತು. 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಇತ್ತೀಚಿನ ವರ್ಷಗಳಲ್ಲಿ ಭದ್ರೆಯಿಂದ ಎತ್ತಿದ ನೀರೂ ಅಲ್ಲಿಗೆ ಸೇರಿದೆ. ಹೀಗಿರುವಾಗ ಮಳೆಯಿಂದ ಬಂದದ್ದೆಷ್ಟು, ಭದ್ರೆಯಿಂದ ಬಂದದ್ದೆಷ್ಟು ಎಂದು ಹೇಳಲು ವೇದಾವತಿಯ ಹರಿವನ್ನೂ ಕಾಲುವೆಯ ನೀರನ್ನೂ ಪ್ರತ್ಯೇಕವಾಗಿ ಅಳೆದ ದಾಖಲೆ ಬೇಕು. ಅಂತಹ ದಾಖಲೆಯನ್ನು ಹತ್ತು ವರ್ಷಗಳ ನಂತರ ಕುಳಿತು ಸೃಷ್ಟಿಸಲಾಗದು. ಅಳೆಯದೆ ಬಿಟ್ಟ ದಿನದ ಹರಿವು ಹೋಯಿತೆಂದರೆ ಹೋಯಿತು.

ಮಳೆ ಲೆಕ್ಕ ಸಾಲದು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಿದೆ. ಆದರೆ ಬಿದ್ದ ಮಳೆಯೆಲ್ಲ ನದಿಗೆ ಬರುವುದಿಲ್ಲ. ಜೂನ್ ಆರಂಭದ ಒಣಮಣ್ಣು ಹೀರಿಕೊಳ್ಳುವ ಅದೇ ಮಳೆ, ಆಗಸ್ಟಿನ ತೊಯ್ದ ನೆಲದ ಮೇಲೆ ಬಿದ್ದರೆ ನೇರವಾಗಿ ಹಳ್ಳಕ್ಕಿಳಿಯುತ್ತದೆ. ಮಳೆಮಾಪಕಗಳಷ್ಟು ದಟ್ಟವಾಗಿ ನದಿ ಮಾಪಕಗಳು ಹರಡಿಲ್ಲ. ಬೆಟ್ಟದ ಬುಡದ ಹಳ್ಳಗಳು ಕೆಲವೇ ಗಂಟೆಗಳಲ್ಲಿ ಏರಿ ಇಳಿಯುವುದರಿಂದ ಅಲ್ಲಿನ ಜನರಿಗೆ ದೂರದ ದೊಡ್ಡ ನದಿಯ ಮುನ್ಸೂಚನೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ನಮ್ಮ ದೇಶದಲ್ಲಿ ವೈಜ್ಞಾನಿಕ ಪ್ರವಾಹ ಮುನ್ಸೂಚನೆ ಆರಂಭವಾದದ್ದು 1958ರಲ್ಲಿ, ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ಯಮುನೆಯ ಮೇಲೆ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯು 1889ರಲ್ಲಿ ನ್ಯೂ ಮೆಕ್ಸಿಕೊದ ಎಂಬುಡೊದಲ್ಲಿ ರಿಯೊ ಗ್ರಾಂಡೆ ನದಿಯ ಮೇಲೆ ತನ್ನ ಮೊದಲ ಮಾಪನ ಕೇಂದ್ರವನ್ನು ತೆರೆಯಿತು. ಇಂದು ಅದರ ಹರಿವು ಮಾಪನ ಕೇಂದ್ರಗಳ ಸಂಖ್ಯೆ 8,000 ದಾಟಿದ್ದು, ಅವುಗಳ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದಾಗಿದೆ.

ಅಂಕಿಯನ್ನು ಓದುವ ಬಗೆ

ಕೇಂದ್ರ ಜಲ ಆಯೋಗವು ಪ್ರತಿ ಮುನ್ಸೂಚನೆ ಕೇಂದ್ರಕ್ಕೂ ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ ಮತ್ತು ಇದುವರೆಗಿನ ಗರಿಷ್ಠ ಪ್ರವಾಹ ಮಟ್ಟಗಳನ್ನು ಗುರುತಿಸಿರುತ್ತದೆ. ಅಪಾಯದ ಮಟ್ಟ ದಾಟಿದರೆ ‘ತೀವ್ರ’ ಪ್ರವಾಹ, ಹಿಂದಿನ ಗರಿಷ್ಠ ಮಟ್ಟವನ್ನೇ ಮುಟ್ಟಿದರೆ ಅಥವಾ ಮೀರಿದರೆ ‘ಅತಿ ತೀವ್ರ’ ಪ್ರವಾಹ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದಂತಹ ಘಟನೆಗಳು ಮುಂದೆ ಕಟ್ಟುವ ಸೇತುವೆ, ಅಣೆಕಟ್ಟೆ, ಬಡಾವಣೆಗಳಿಗೆ ಅಳತೆಗೋಲಾಗಬೇಕಾದರೆ ಆ ದಿನಗಳ ಅಂಕಿಗಳು ನಂಬಿಕೆಗೆ ಅರ್ಹವಾಗಿರಬೇಕು.

ಓದುಗರು ನದಿಯ ಅಂಕಿಯೊಂದನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದು ಯಾವ ಸ್ಥಳದ್ದು? ಯಾವ ಹೊತ್ತಿನದು? ಇದು ಮಟ್ಟವೇ, ಹರಿವೇ? ಹರಿವಾಗಿದ್ದರೆ ಅಳೆದದ್ದೇ, ಮಟ್ಟದಿಂದ ಲೆಕ್ಕ ಹಾಕಿದ್ದೇ? ಇಲಾಖೆಗಳು ಅಂಕಿಯ ಜೊತೆಗೆ ಈ ವಿವರಗಳನ್ನೂ ನೀಡುವಂತಾದರೆ ವದಂತಿಗಳಿಗೆ ಅವಕಾಶ ಕಡಿಮೆಯಾಗುತ್ತದೆ. ಹೊಸ ಯಂತ್ರಗಳ ಖರೀದಿಯಷ್ಟೇ ಆಸಕ್ತಿಯನ್ನು ಅವುಗಳ ಹಿಂದಿನ ಗೆರೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಸಿಬ್ಬಂದಿ ಮತ್ತು ವೆಚ್ಚದ ಬಗೆಗೂ ತೋರಬೇಕಾಗಿದೆ. ನೀರನ್ನು ಹಂಚಿಕೊಳ್ಳುವವರ ಸಂಖ್ಯೆ ಹೆಚ್ಚುತ್ತಿರುವಾಗ ಅಳತೆಯಲ್ಲಿ ಜಿಪುಣತನ ತೋರುವುದು ದುಬಾರಿಯಾದೀತು.